ಒನಕೆಯ ಸದ್ದು

ಪ್ರೀತಿಯ ತಂಗಿ ಫಲೇಸಿಗೆ,

ನಿನ್ನ ಅಣ್ಣ ಜಕೆಯೊ ದೆಡ್ಜಾ ಪಟ್ಟಣದಿಂದ ಬರೆಯುತ್ತಿದ್ದೇನೆ. ನಿನ್ನ ಅತ್ತಿಗೆ ಎನೆಲೆಸಿ ಪಕ್ಕದಲ್ಲೇ ಇದ್ದಾಳೆ. ಮಿಷನ್ ರೇಡಿಯೋದಲ್ಲಿ ನಾವಿಬ್ಬರೂ ಸುವಾರ್ತೆ ಹೇಳಲು ಹತ್ತಿ ಮೂವತ್ತೊಂದು ವರ್ಷವಾಯಿತು. ಈ ಭಾನುವಾರ ನಮಗೆ ಬೀಳ್ಕೊಡುಗೆ ಎಂದು ಮಿಷನ್ನಿನವರು ಹೇಳಿದ್ದರು.

ಬರಗಾಲದಲ್ಲಿ ನೀನು ಮಕ್ಕಳಿಗೆಂದು ಹಿಟ್ಟು ಬಚ್ಚಿಟ್ಟದ್ದು, ನಿನ್ನ ಅತ್ತೆ ಹಸಿದೇ ತೀರಿಕೊಂಡದ್ದು, ಇದನ್ನೆಲ್ಲ ನನ್ನೊಬ್ಬನಿಗೇ ಅತ್ತು ಹೇಳಿದ್ದೆ. ನಾನು ಹೆಸರು ಬದಲಿಸಿ, ಯಾರೋ ಕೇಳುಗರು ಬರೆದದ್ದೆಂದು ಸುಳ್ಳು ಹೇಳಿ ರೇಡಿಯೋದಲ್ಲಿ ಓದಿದೆ. ಹಿನ್ನೆಲೆಗೆ ನಿನ್ನ ಅಂಗಳದಲ್ಲಿ ಟೇಪಿನಲ್ಲಿ ಹಿಡಿದಿದ್ದ ನಿನ್ನ ಒನಕೆಯ ಸದ್ದು ಹಾಕಿದೆ. ಎರಡು ಪೆಟ್ಟು, ಆಮೇಲೆ ಒರಳಿನ ಅಂಚಿಗೊಂದು ತಟ್ಟು. ಊರಲ್ಲಿ ಹಾಗೆ ಕುಟ್ಟುವವಳು ನೀನೊಬ್ಬಳೇ.

"ಇದು ಫಲೇಸಿ ಕೈ ಅಂತ ಕುರುಡರಿಗೂ ಗೊತ್ತಾಗತ್ತೆ. ದೇವರು ನಿಮಗೆ ಬಾಯಿ ಕೊಟ್ಟು ಕಿವಿ ಮರೆತ ಕಣ್ರೀ," ಎಂದು ಎನೆಲೆಸಿ ತಡೆದಿದ್ದಳು. ಸದ್ದು ಚೆನ್ನಾಗಿದೆಯೆಂದು ನಾನು ಅವಳ ಮಾತು ಕೇಳಲಿಲ್ಲ.

ಕಾರ್ಯಕ್ರಮ ಕೇಳಿದ ಮೇಲೆ ನೀರಿನ ಪಂಪಿನ ಬಳಿ ಊರ ಹೆಂಗಸರು, "ಏನೇ ಫಲೇಸಿ, ಹಿಟ್ಟು ಇನ್ನೂ ಉಳಿದಿದೆಯಾ?" ಎಂದರಂತೆ. ಅಂದಿನಿಂದ ನೀನು ಒರಳು ಮಗುಚಿಟ್ಟು ಮೆಕ್ಕೆಜೋಳವನ್ನು ಗಿರಣಿಗೆ ಹೊರುತ್ತೀಯಂತೆ.

ಭಾನುವಾರ ಅದನ್ನೇ ಮತ್ತೆ ಹಾಕುವವರಿದ್ದರು, ನಮ್ಮ ಅತ್ಯುತ್ತಮ ಕಾರ್ಯಕ್ರಮವೆಂದು. ನಿನ್ನೆ ಪಾದ್ರಿಗಳ ಮುಂದೆ ನನ್ನ ತಪ್ಪು ಒಪ್ಪಿಕೊಂಡೆ, ನಿನ್ನ ಹೆಸರೆತ್ತಲಿಲ್ಲ. ಬೀಳ್ಕೊಡುಗೆ ಬೇಡವೆಂದೆ. ಆ ಕಾರ್ಯಕ್ರಮದ ಇದ್ದೊಂದು ಕ್ಯಾಸೆಟ್ಟನ್ನು ಪತ್ರದ ಜೊತೆ ಕಳಿಸಿದ್ದೇನೆ, ಒಲೆಗೆ ಹಾಕು.

ಬರುವ ತಿಂಗಳು ನಾವು ಊರಿಗೇ ಬಂದು ನೆಲೆಸುತ್ತೇವೆ. ನಮ್ಮಲ್ಲಿ ಒರಳಿಲ್ಲ. ನಿನಗೆ ಮನಸ್ಸಿದ್ದರೆ ಎನೆಲೆಸಿ ನಿನ್ನ ಅಂಗಳಕ್ಕೆ ಬಂದು ನಿನ್ನ ಜೊತೆ ಕುಟ್ಟುತ್ತಾಳಂತೆ. ಇಬ್ಬರ ಒನಕೆ ಒಂದೇ ಒರಳಿಗೆ ಬಿದ್ದರೆ ಯಾವ ಪೆಟ್ಟು ಯಾರದೆಂದು ಯಾರಿಗೂ ತಿಳಿಯದು.

ನೀನು ಕರೆಯುವವರೆಗೂ ನಾನು ಬೇಲಿಯಾಚೆಯೇ ಇರುತ್ತೇನೆ.

ತಲೆ ತಗ್ಗಿಸಿದ ನಿನ್ನ ಅಣ್ಣ,
ಜಕೆಯೊ