ತಾಯಿತವೆಂದು ಕಟ್ಟಿಕೊಂಡ ಬಿಲ್ಲೆ

ಮಾನ್ಯರೇ,

ಕಾರ್ಮಿಕರ ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಕಚೇರಿಯ ಮುಖ್ಯಸ್ಥರಾದ ತಮಗೆ ಮೊದಲು ಒಂದು ತಿದ್ದುಪಡಿ. ಕಳೆದ ಚಳಿಗಾಲದ್ದೆಂದು ಅನಿಸೆತೊ ಎಂಬ ಹೆಸರಿನ ಮುಂದೆ ನೀವು ಬರೆದುಕೊಂಡಿರುವ ಅಂಕಿ ಅನಿಸೆತೊನದಲ್ಲ. ಅದು ಪಿತಾಂಗಾ ಎಂಬ ಹೆಣ್ಣು ಕುದುರೆಯದು. ಮನುಷ್ಯನಿಗೂ ಕುದುರೆಗೂ ಭೇದವೆಣಿಸದ ಸಮದೃಷ್ಟಿ ತಮ್ಮ ಕಚೇರಿಯಲ್ಲಿದೆಯೆಂದು ತಿಳಿದು ಸಂತೋಷವಾಯಿತು. ಆದರೆ ಆ ಅಂಕಿ ಎಷ್ಟೆಂದು ಕುದುರೆಗೂ ಗೊತ್ತಿಲ್ಲ, ಅನಿಸೆತೊಗೂ ಗೊತ್ತಿಲ್ಲ. ನಮ್ಮ ಎದೆಯ ಮೇಲಿನ ಬಿಲ್ಲೆಗಳನ್ನು ತರಿಸಿಕೊಂಡು ಓದುತ್ತೀರಿ. ಓದಿದ್ದೇನೆಂದು ನಮಗೆ ಹೇಳುವುದಿಲ್ಲ. ನನ್ನ ದೂರು ಇಷ್ಟೇ.

ನಾನು ಮಾಂಟೆವಿಡಿಯೋ ನಗರದ ರೇಸು ಕುದುರೆಗಳ ಲಾಯದಲ್ಲಿ ಲಾಳ ಬಡಿಯುವವನು. ಕುದುರೆ ಕುಂಟಿದರೆ ಡಾಕ್ಟರು ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರದೊಂದಿಗೆ ಲಾಯಕ್ಕೇ ಬರುತ್ತಾರೆ. ಕುದುರೆಗೆ ಅಲ್ಲಾಡಬೇಡ ಎಂದರೆ ಕೇಳುತ್ತದೆಯೇ? ಆದ್ದರಿಂದ ಕುದುರೆ ನೋಡಿಕೊಳ್ಳುವ ಮುದುಕ ಅನಿಸೆತೊ ಅದರ ಮೂತಿ ಹಿಡಿಯುತ್ತಾನೆ, ನಾನು ಇನ್ನೊಂದು ಕಾಲು ಎತ್ತಿ ಹಿಡಿಯುತ್ತೇನೆ, ಲಾಯದ ಕೆಲಸದ ಹುಡುಗಿ ರೊಮಿನಾ ನೋಯುವ ಕಾಲಿನ ಹಿಂದೆ ಎಕ್ಸ್‌ರೇ ಪ್ಲೇಟು ಹಿಡಿದು ಕುಕ್ಕರಗಾಲಲ್ಲಿ ಕೂರುತ್ತಾಳೆ. ಸೀಸದ ಏಪ್ರನ್ನು ಇರುವುದು ಒಂದೇ, ಅದು ಡಾಕ್ಟರ ಮೈಮೇಲೆ.

ನಿಮ್ಮ ಬಿಲ್ಲೆಗಳು ಬಂದದ್ದು ಒಂದು ರಟ್ಟಿನ ಪೆಟ್ಟಿಗೆಯಲ್ಲಿ. ತಂದವನು "ಎದೆಗೆ ಸಿಕ್ಕಿಸ್ಕೊಳ್ಳಿ, ಕಳೀಬೇಡಿ" ಎಂದಷ್ಟೇ ಹೇಳಿ ಹೋದ. ಮಾನ್ಯರೇ, ಕುದುರೆಗೆ ಕೆಟ್ಟ ಕಣ್ಣು ಬೀಳದಿರಲೆಂದು ಕೆಂಪು ಪಟ್ಟಿ ಕಟ್ಟುವ ಜನ ನಾವು. ನಮ್ಮ ಕೈಗೆ ಏನನ್ನೋ ಕೊಟ್ಟು, ಯಾಕೆಂದು ಹೇಳದೆ, ಸದಾ ಮೈಮೇಲಿರಲಿ ಎಂದರೆ ನಾವೇನೆಂದುಕೊಳ್ಳಬೇಕು? ತಾಯಿತ ಎಂದುಕೊಂಡೆವು. ಯಂತ್ರದ ಕಿರಣವನ್ನು ಅದೇ ಹೀರಿಕೊಂಡು ನಮ್ಮನ್ನು ಕಾಯುತ್ತದೆ, ತುಂಬಿದ ಮೇಲೆ ಸರ್ಕಾರ ಒಯ್ದು ಹೊಸದು ಕೊಡುತ್ತದೆ ಎಂದು ನಂಬಿದೆವು. ನಮ್ಮ ಮೇಲೆ ಸರ್ಕಾರಕ್ಕೆ ಇಷ್ಟೊಂದು ಅಕ್ಕರೆಯೇ ಎಂದು ಆಗಲೇ ಅನುಮಾನ ಬರಬೇಕಿತ್ತು.

ಅನಿಸೆತೊಗೆ ತನ್ನ ಮೈಗಿಂತ ಪಿತಾಂಗಾಳ ಮೊಣಕಾಲು ಮುಖ್ಯ. ಚಿತ್ರ ತೆಗೆಯುವಾಗಲೆಲ್ಲ ತನ್ನ ಬಿಲ್ಲೆ ಬಿಚ್ಚಿ ಕೆಂಪು ಪಟ್ಟಿಯಿಂದ ಅವಳ ಕಾಲಿಗೆ ಕಟ್ಟುತ್ತಿದ್ದ. ಒಮ್ಮೆ ಅದು ಜಾರಿ ಚಿತ್ರದೊಳಗೇ ಬಂತು. ಮೂಳೆಯ ಪಕ್ಕ ಚೌಕನೆಯ ತುಂಡೊಂದನ್ನು ಕಂಡು ಡಾಕ್ಟರು ಬೆವರಿದರು.

"ಏನಯ್ಯಾ ಇದು?"

"ಅವಳಿಗೂ ರಕ್ಷಣೆ ಬೇಡ್ವಾ ಡಾಕ್ಟ್ರೇ? ಕಿರಣ ಬೀಳೋದು ಅವಳ ಕಾಲಿಗೆ ತಾನೆ?"

"ಎದೆಗೆ ಹಾಕ್ಕೋ ಅಂತ ಕೊಟ್ಟಿದ್ದು, ಕುದುರೆ ಕಾಲಿಗಲ್ಲ!"

ಯಾಕೆ ಎಂದು ಅವರೂ ಹೇಳಲಿಲ್ಲ. ಮುಂದಿನ ಲಾಯಕ್ಕೆ ಓಡಿದರು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ಓದುಬರಹ ಬಲ್ಲವರು ಇಷ್ಟು ಕಟ್ಟುನಿಟ್ಟಾಗಿ ಪಾಲಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಸಂತದಲ್ಲಿ ಹಳೆಯವು ತಮ್ಮ ಕಚೇರಿಗೆ ಹೋಗಿ ಹೊಸ ಬಿಲ್ಲೆಗಳು ಬಂದವು. ರೊಮಿನಾ ಬಸುರಿಯೆಂಬ ಸುದ್ದಿಯೂ ಬಂತು. ಅವಳು ಪ್ಲೇಟು ಹಿಡಿಯಲು ಹಿಂಜರಿದಾಗ ಅನಿಸೆತೊ ತನ್ನ ಬಿಲ್ಲೆ ತೆಗೆದು ಅವಳ ಹೊಟ್ಟೆಯ ಬಳಿ ಸಿಕ್ಕಿಸಿದ.

"ಮತ್ತೆ ನಿಂಗೆ, ತಾತ?"

"ನಂದೇನು ಮಗಳೇ, ಹಳೇ ಗಾಡಿ. ನಿಂಗೊಂದು, ಒಳಗಿರೋ ಮರೀಗೊಂದು. ಇನ್ನೇನ್ ಭಯ?"

ಆ ಧೈರ್ಯದ ಮೇಲೆ ಅವಳು ಇನ್ನೂ ಎಷ್ಟೋ ವಾರ ಪ್ಲೇಟು ಹಿಡಿದಳು.

ಬಸುರಿನ ತಪಾಸಣೆಗೆ ಹೋದಾಗ ಆಸ್ಪತ್ರೆಯ ಡಾಕ್ಟರಮ್ಮ ಅವಳನ್ನು ಕೆಲಸವೇನೆಂದು ಕೇಳಿದರಂತೆ. ರೊಮಿನಾ ಎರಡೂ ಬಿಲ್ಲೆಗಳನ್ನು ಹೆಮ್ಮೆಯಿಂದ ತೋರಿಸಿದಳು. ಆಕೆ ನಗಲಿಲ್ಲ. "ಥರ್ಮಾಮೀಟರ್ ಬಾಯಲ್ಲಿಟ್ಟರೆ ಜ್ವರ ಇಳಿಯುತ್ತೇನಮ್ಮಾ? ಇದು ಅಳೆಯುತ್ತೆ, ತಡೆಯಲ್ಲ. ಇಲ್ಲೀವರೆಗೆ ಎಷ್ಟು ಬಂದಿದೆ? ಕಡಿಮೆನೇ ಇರಬಹುದು, ಹೆದರಬೇಡ. ಆದ್ರೆ ಎಷ್ಟು ಅಂತ ಗೊತ್ತಾಗ್ಬೇಕು."

ಅದನ್ನು ಕೇಳಲೆಂದೇ ಅವಳೂ ನಾನೂ ತಮ್ಮ ಕಚೇರಿಗೆ ಬಂದೆವು. ತಮ್ಮ ಗುಮಾಸ್ತರ ಒಂದು ಕೈಯಲ್ಲಿ ಮಾಟೆ ಎಂಬ ಎಲೆ ಕಷಾಯದ ಸೋರೆ ಬುರುಡೆ, ಕಂಕುಳಲ್ಲಿ ಥರ್ಮಾಸು. ಕಂಪ್ಯೂಟರ್ ಒತ್ತಲು ಮಿಕ್ಕಿದ್ದು ಒಂದು ಬೆರಳು.

"ನಿಮ್ಮದು ಇದೆ. ಆದ್ರೆ ಹೇಳೋ ಹಾಗಿಲ್ಲ, ಗೌಪ್ಯ."

"ಯಾರಿಂದ ಗೌಪ್ಯ?" ಎಂದಳು ರೊಮಿನಾ.

"ಹೊರಗಿನವರಿಂದ. ಮಾಲೀಕರಿಗೆ ಮಾತ್ರ ಕಳಿಸ್ತೀವಿ."

"ಅಂದ್ರೆ ನನ್ನ ಮೈಗೆ ನಮ್ಮ ಧಣಿ ಒಳಗಿನವ್ರು, ನಾನು ಹೊರಗಿನವಳಾ?"

ಗುಮಾಸ್ತರು ಕಷಾಯ ಹೀರಿದರು. "ಹೆಚ್ಚಿದ್ರೆ ನಾವೇ ತಿಳಿಸ್ತಿದ್ವಿ ಕಣಮ್ಮಾ. ತಿಳಿಸಿಲ್ಲ ಅಂದ್ರೆ ಏನೂ ಇಲ್ಲ ಅಂತಲೇ."

ಧಣಿಯನ್ನು ಕೇಳಿದರೆ ಅಂಥ ಕಾಗದ ಬಂದ ನೆನಪೇ ಇಲ್ಲವಂತೆ. ಪಿತಾಂಗಾಳ ಮೊಣಕಾಲಿನ ಚಿತ್ರವಾದರೆ ಅಂದೇ ಅವರ ಫೋನಿಗೆ ಹೋಗುತ್ತದೆ, ರಾತ್ರಿ ಊಟದ ಹೊತ್ತಿಗೆ ಮನೆಮಂದಿಯೆಲ್ಲ ನೋಡುತ್ತಾರೆ.

ತಿಳಿಸದಿದ್ದರೆ ಏನೂ ಇಲ್ಲವೆಂದರ್ಥ! ಒಳ್ಳೆಯ ಮಾತು. ಆದರೆ ಇಲ್ಲೇ ನಮ್ಮ ಪಿತಾಂಗಾ ಅಡ್ಡ ಬರುತ್ತಾಳೆ. ಇಡೀ ಚಳಿಗಾಲ ಯಂತ್ರದ ಎದುರಿಗೇ ನಿಂತಿದ್ದ ಬಿಲ್ಲೆಯೊಂದು ಅನಿಸೆತೊನ ಹೆಸರಲ್ಲಿ ತಮ್ಮ ಮೇಜಿಗೆ ಬಂದಿದೆ. "ಏನಪ್ಪಾ ಮುದುಕ, ಯಂತ್ರಕ್ಕೇ ಎದೆಕೊಟ್ಟು ನಿಂತಿದ್ದೆಯಾ?" ಎಂದು ಒಬ್ಬರಾದರೂ ಕೇಳಿದಿರಾ? ಓದಲೇ ಇಲ್ಲವೇ? ಓದಿಯೂ ಸುಮ್ಮನಿದ್ದಿರೇ? ಯಾವುದೇ ಆಗಲಿ, ಅಂಥ ಮೌನವನ್ನು ನಂಬಿ ಬಸುರಿ ಹೆಣ್ಣುಮಗಳು ನಿದ್ದೆ ಮಾಡುವುದು ಹೇಗೆ?

ತಮಾಷೆ ಸಾಕು. ಅನಿಸೆತೊನನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಡಾಕ್ಟರಮ್ಮನ ಮಾತು ಕಿವಿಗೆ ಬಿದ್ದ ದಿನದಿಂದ ಅವನು ರೊಮಿನಾಳ ಜೊತೆ ಕೂತು ಮಾಟೆ ಕುಡಿಯುತ್ತಿಲ್ಲ. ಅವಳು ಬುರುಡೆ ತುಂಬಿ ಕರೆದರೆ ಬೆನ್ನು ತಿರುಗಿಸಿ ಹುಲ್ಲು ಎಳೆಯುತ್ತಾನೆ. "ನಾನೇ ಅವಳ ಕೈಗೆ ಪ್ಲೇಟ್ ಕೊಟ್ಟಂಗಾಯ್ತಲ್ಲೋ ಮಿಲ್ಟನ್" ಎಂದು ನನ್ನ ಹತ್ತಿರ ಹೇಳುತ್ತಾನೆ. ಕೊಟ್ಟವರು ನೀವು, ಸ್ವಾಮಿ. ಒಂದು ಮಾತು ಹೇಳದೆ ಪೆಟ್ಟಿಗೆ ಕಳಿಸಿದವರು ನೀವು. ಹೊರೆ ಹೊತ್ತಿರುವವನು ಆ ಮುದುಕ.

ಆದ್ದರಿಂದ ರೊಮಿನಾಳ ಅಂಕಿಯನ್ನು, ಅದರ ಅರ್ಥದ ಸಮೇತ, ಮಗು ಹುಟ್ಟುವ ಮೊದಲೇ ಅವಳ ಕೈಗೆ ಕೊಡಿ. ಮುಂದಿನ ಪೆಟ್ಟಿಗೆಯ ಜೊತೆ ಮಾತು ಬರುವ ಒಬ್ಬ ಮನುಷ್ಯನನ್ನು ಕಳಿಸಿ, ಬಿಲ್ಲೆ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನಮಗೆ ಹೇಳಲಿ. ಬಿಲ್ಲೆ ಹೇಳಿದ್ದನ್ನು ಮೊದಲು ತೊಟ್ಟವರಿಗೆ ತಿಳಿಸಿ, ಧಣಿಗಳಿಗೆ ಆಮೇಲೆ.

ಈ ಪತ್ರವನ್ನು ಲಾಯದಲ್ಲಿ ಗಟ್ಟಿಯಾಗಿ ಓದಿದೆ. ರೊಮಿನಾ, "ಬೈಗುಳ ಸ್ವಲ್ಪ ಕಮ್ಮಿ ಮಾಡಿ ಮಾಮ. ಪಾಪ, ಅವರಿಗೂ ಯಾರೂ ಹೇಳ್ಕೊಟ್ಟಿರಲ್ಲ" ಎಂದಳು. ಆಚೆ ಪಿತಾಂಗಾಳ ಮೈ ಉಜ್ಜುತ್ತಿದ್ದ ಅನಿಸೆತೊ ತಿರುಗಿ ನೋಡದೆಯೇ ಹೇಳಿದ:

"ನನ್ ಹೆಸರಲ್ಲಿರೋದು ಇವಳದ್ದು ಅಂತ ಬರ್ದೆಯಲ್ಲ? ಹಂಗೇ ಇವಳದ್ದೂ ಎಷ್ಟು ಅಂತ ಕೇಳು. ಆದ್ರೆ ಮೊದ್ಲು ಆ ಹುಡುಗೀದು."

ಇಂತಿ,
ತಮಗೆ ಗೊತ್ತಿರುವ ತನ್ನದೇ ಸಂಗತಿ ತನಗೆ ಗೊತ್ತಿಲ್ಲದ,
ಮಿಲ್ಟನ್ ಬರ್ರಗಾನ್,
ಲಾಳ ಬಡಿಯುವವನು