ತಂಗಿಯ ಎದೆಬಡಿತ

ಮಾರ್ಚ್ 4, ಬೆಳಿಗ್ಗೆ
ಎಂದಿನಂತೆ ಟ್ರ್ಯಾಕ್ ಪಕ್ಕ, ಕೈಯಲ್ಲಿ ಡಬ್ಬಿ. ಹುಡುಗಿಯರು ಎದೆಗೆ ಪಟ್ಟಿ ಕಟ್ಟಿಕೊಂಡು ಓಡುತ್ತಾರೆ, ಎದೆಬಡಿತ ಗಾಳಿಯಲ್ಲೇ ಬಂದು ನನ್ನ ಡಬ್ಬಿಯ ಸ್ಕ್ರೀನ್ ಮೇಲೆ ಗೆರೆಯಾಗುತ್ತದೆ. ನಾನು ಓದಿ ಹೇಳುವುದು, ಕೋಚ್ ಸರ್ ಕೂಗಾಡುವುದು. ಇವತ್ತು ಕೊನೇ ಸುತ್ತಿನಲ್ಲಿ ತಂಗಿಯ ಗೆರೆ ಯದ್ವಾತದ್ವಾ ನೆಗೆಯಿತು.
"ಪಟ್ಟಿ ಜಾರಿರತ್ತೆ. ಒದ್ದೆ ಮಾಡಿ ಕಟ್ಟು," ಅಂದರು ಸರ್.

ಮಾರ್ಚ್ 5
ಒದ್ದೆ ಮಾಡಿ ಕಟ್ಟಿದೆ. ಬ್ಯಾಟರಿ ಬದಲಿಸಿದೆ. ಮತ್ತೆ ಅದೇ ನೆಗೆತ. ಸರ್ ಡಬ್ಬಿಯ ಬೆನ್ನಿಗೆ ಎರಡೇಟು ಹಾಕಿದರು, ಹಳೇ ರೇಡಿಯೋಗೆ ಹಾಕುವ ಹಾಗೆ. ತಂಗಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ.

ಮಾರ್ಚ್ 7
ಊಟದ ಹೊತ್ತಿಗೂ ಅದೇ ಗೆರೆ ನೋಡುತ್ತ ಕೂತಿದ್ದೆ. "ಅದನ್ನೇ ನುಂಗ್ಬಿಡು, ಹೊಟ್ಟೆ ತುಂಬತ್ತೆ," ಅಂದಳು ಅಮ್ಮ. ಅವಳಿಗೆ ಏನೂ ಹೇಳಿಲ್ಲ. ಭಾನುವಾರ ಆಯ್ಕೆ ಓಟ. ತಂಡ ಸೇರಬೇಕು ಅಂತ ತಂಗಿ ಎರಡು ವರ್ಷದಿಂದ ಒದ್ದಾಡುತ್ತಿದ್ದಾಳೆ...

ಮಾರ್ಚ್ 8
ಸರ್‌ಗೆ ಹೇಳದೆ ಪಟ್ಟಿ ಅದಲುಬದಲು ಮಾಡಿಸಿದೆ. ತಂಗಿಯದು ಅವಳ ಉದ್ದನೆಯ ಗೆಳತಿ 'ಏಣಿ'ಗೆ, ಏಣಿಯದು ತಂಗಿಗೆ. ಏಣಿಯ ಎದೆ ಮೇಲೆ ಆ ಪಟ್ಟಿ ಮರ್ಯಾದೆಯಾಗಿತ್ತು. ನೆಗೆದದ್ದು ತಂಗಿ ಕಟ್ಟಿಕೊಂಡ ಏಣಿಯ ಪಟ್ಟಿಯ ಗೆರೆ. ಡಬ್ಬಿ ಕೆಟ್ಟಿಲ್ಲ, ಪಟ್ಟಿಯೂ ಕೆಟ್ಟಿಲ್ಲ. ಓಟ ಮುಗಿದದ್ದೇ ತಂಗಿಯನ್ನು ಪಕ್ಕಕ್ಕೆ ಎಳೆದುಕೊಂಡು ಹೋಗಿ ಕೇಳಿದೆ.
"ಕಣ್ಣು ಕತ್ತಲೆ ಬರತ್ತಾ?"
"ಓಡಿದ್ರೆ ಎಲ್ರಿಗೂ ಬರತ್ತಕ್ಕಾ."
"ನಂಗೆ ಬಂದಿಲ್ಲ."
"ನೀನು ಯಾವಾಗ ಓಡಿದ್ದೆ? ಬಸ್ ಹಿಂದೆ ತಾನೆ?"
ಆಮೇಲೆ ಕೈ ಹಿಡಿದುಕೊಂಡಳು. "ಅಕ್ಕಾ, ಭಾನುವಾರ ಒಂದು ಮುಗೀಲಿ. ಸೋಮವಾರ ಯಾವ ಡಾಕ್ಟರ್ ಹತ್ರ ಬೇಕಾದ್ರೂ ಬರ್ತೀನಿ. ಸರ್‌ಗೆ ಹೇಳ್ಬೇಡ ಕಣೇ."
ಆಯ್ತು ಅಂತ ತಲೆಯಾಡಿಸಿದೆ. ಯಾಕೆ ಆಡಿಸಿದೆನೋ.

ಮಾರ್ಚ್ 10, ಭಾನುವಾರ, ಬೆಳಿಗ್ಗೆ ಏಳು
ಕೂತಲ್ಲಿ ಕೂರಲಾಗುತ್ತಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕೈಗೆ ಕೆಲಸ ಬೇಕು ಅಂತ ಬರೆಯುತ್ತಿದ್ದೇನೆ. ಹುಡುಗಿಯರು ಸಾಲಾಗಿ ನಿಂತಾಯಿತು. ಸ್ಕ್ರೀನ್ ಮೇಲೆ ಎಲ್ಲರ ಎದೆಬಡಿತವೂ ಇದೆ, ತಂಗಿಯದೊಂದು ಇಲ್ಲ. ಪಟ್ಟಿ ಬಿಚ್ಚಿ ನನ್ನ ಚೀಲಕ್ಕೇ ತುರುಕಿದ್ದಾಳೆ, ಕಳ್ಳಿ. ನಾನು ನೋಡಬಾರದಂತೆ.
ಸರ್ ಅಲ್ಲಿಂದಲೇ ಹೆಬ್ಬೆರಳೆತ್ತಿ ಕೇಳುತ್ತಿದ್ದಾರೆ, ಎಲ್ಲ ಸರಿಯಾ ಅಂತ.
ಈಗ ಬಾಯಿ ಬಿಟ್ಟರೆ ಇವಳು ಜನ್ಮದಲ್ಲಿ ನನ್ನ ಮುಖ ನೋಡುವುದಿಲ್ಲ. ನೋಡದಿದ್ದರೆ ಬೇಡ. ಮುಖ ತಿರುಗಿಸಿಕೊಂಡೇ ಮನೆ ತುಂಬ ಓಡಾಡಲಿ. ಓಡಾಡಿಕೊಂಡಿದ್ದರೆ ಸಾಕು...
ಸರ್ ಸೀಟಿ ಬಾಯಿಗಿಟ್ಟರು. ನಾನು ಕೂಗ—