ಹರಕೆಯ ಹುಂಜ ಕ್ಷೇಮ

ಧನಕವಡಿ, ಪುಣೆ
೧೨ ಫೆಬ್ರವರಿ ೨೦೨೫

ಪ್ರೀತಿಯ ಹರಿಣಾಕ್ಷಿ,

ನಿನ್ನ ಮೊಣಕಾಲು ನೋವು ಹೇಗಿದೆ? ದೀಕ್ಷಿತಾಳ ಬಾಣಂತನದ ಗಡಿಬಿಡಿಯಲ್ಲಿ ಎಣ್ಣೆ ಹಚ್ಚಿಕೊಳ್ಳಲು ಮರೆಯಬೇಡ. ಮೊಮ್ಮಗಳ ಫೋಟೊವನ್ನು ಹೋಟೆಲಿಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿ ಆಯಿತು. ಮೂಗು ಅಜ್ಜನದೇ ಎಂದು ದೋಸೆ ಹುಯ್ಯುವ ದತ್ತು ಕೂಡ ಹೇಳಿದ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕೋಳಿ ಎಂದ ಕೂಡಲೇ ನೀನು ನಡುವೆ ಬಾಯಿ ಹಾಕುತ್ತೀ, ನನಗೆ ಹೇಳಬೇಕಾದದ್ದೇ ಮರೆತುಹೋಗುತ್ತದೆ. ಹಾಗಾಗಿ ಊರಿನ ಬಸ್ಸಿನ ಡ್ರೈವರ್ ಕೈಯಲ್ಲಿ ಈ ಕಾಗದ.

ಮೊದಲು ಒಳ್ಳೆಯ ಸುದ್ದಿ. ಮಗಳ ಹೆರಿಗೆ ಸುಸೂತ್ರವಾದರೆ ನಿನ್ನ ತವರಿನ ದೈವಕ್ಕೆ ಕೊಡುತ್ತೇನೆಂದು ನೀನು ಹರಕೆ ಹೊತ್ತ ಕೆಂಪು ಹುಂಜ ಕ್ಷೇಮ. ಇಪ್ಪತ್ತೆರಡರ ತಂಬಿಲ ಸೇವೆಗೆ ಅದನ್ನು ಜೀವಂತ ತಂದು ಒಪ್ಪಿಸುವುದು ನಿಮ್ಮ ಹೊಣೆ ಎಂದಿದ್ದೆಯಲ್ಲ, ಮರೆತಿಲ್ಲ. ಇನ್ನು ಕೆಟ್ಟ ಸುದ್ದಿ: ಐದು ಹೇಂಟೆಗಳಲ್ಲಿ ಮೂರೇ ಉಳಿದಿವೆ. ಚುಕ್ಕಿಯದನ್ನು ಮಧ್ಯಾಹ್ನ ನಾನು ಒಂದು ಗಳಿಗೆ ಕಣ್ಣು ಮುಚ್ಚಿದಾಗ ಮುಂಗುಸಿ ಎಳೆದುಕೊಂಡು ಹೋಯಿತು. ಗೂಡಿನ ಸುತ್ತ ಗಟ್ಟಿ ತಂತಿಬಲೆ ಹೊಡೆಸಿದೆ. ಅದು ಅಡಿಯಿಂದ ಮಣ್ಣು ತೋಡಿ ಬಂದು ಇನ್ನೊಂದನ್ನೂ ಒಯ್ದಿತು. ಬಲೆಯನ್ನು ಒಂದು ಮೊಳ ನೆಲದೊಳಗೆ ಹೂಳಬೇಕೆಂದು ದತ್ತು ಹೇಳಿದ ಮೇಲೆ ನಾನೇ ಹಾರೆ ಹಿಡಿದೆ. ಸೊಂಟ ಇನ್ನೂ ನನ್ನ ಮಾತು ಕೇಳುತ್ತಿಲ್ಲ. ಮೇಲೆ ಗಿಡುಗ ಸುತ್ತುತ್ತಿತ್ತು, ಅದಕ್ಕೆಂದು ಗೂಡಿಗೆ ಹೋಟೆಲಿನ ಹಳೆಯ ಬ್ಯಾನರ್ ಹೊದಿಸಿದೆ. ಅದರಲ್ಲಿ ‘ಆಜ್‌ಚಾ ಸ್ಪೆಷಲ್’, ಇವತ್ತಿನ ಸ್ಪೆಷಲ್ ಎಂದು ಮಾರುದ್ದ ಬರೆದಿರುವುದು ನನಗೆ ಹೊಳೆಯಲೇ ಇಲ್ಲ. ನಮ್ಮ ಶುದ್ಧ ಸಸ್ಯಾಹಾರಿ ಹೋಟೆಲಿನ ಹಿತ್ತಲಲ್ಲಿ, ಆ ಬರಹದ ಅಡಿಯಲ್ಲಿ, ನಾಲ್ಕು ಕೋಳಿ! ಇಪ್ಪತ್ತು ವರ್ಷದಿಂದ ಬರುವ ಇಬ್ಬರು ಹಿರಿಯರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು.

ಬೋನು ಇಡೋಣವೆಂದರೆ ಪಕ್ಕದ ಮನೆಯ ಮಾಧುರಿ ಕಾಕು ಬಿಡುವುದಿಲ್ಲ. “ಅಣ್ಣಾ, ಮುಂಗೂಸ್ ದಿಸಣೆ ಶುಭ ಅಸತೆ” ಎಂದು ಬೆಳಿಗ್ಗೆ ಬೆಳಿಗ್ಗೆ ಅದರ ದರ್ಶನಕ್ಕೆ ಕಾಂಪೌಂಡಿನ ಹತ್ತಿರ ನಿಲ್ಲುತ್ತಾರೆ. ಅವರಿಗೆ ಶುಭ ಸರಿ, ನನ್ನ ಹೇಂಟೆಗಳಿಗೆ?

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ, ಬೈಯಬೇಡ. ಭಾನುವಾರ ಮನೆಗೆ ತಂದ ಬೂತಾಯಿ ಮೀನಿನ ತಲೆಗಳನ್ನು ನಾನೇ ಹುಂಜಕ್ಕೆ ಹಾಕುತ್ತಿದ್ದೆ. ಬಡಕಲು ಹುಂಜ ತಂದರೆ ನಿನ್ನ ತವರಿನವರು ನಗುತ್ತಾರಲ್ಲ ಎಂಬ ಯೋಚನೆ. ತಿಂದು ಉಳಿದದ್ದರ ವಾಸನೆಗೇ ಮುಂಗುಸಿ ಬಂದದ್ದು. ಹೋಟೆಲಿನವನ ಬುದ್ಧಿ, ಬಂದವರಿಗೆಲ್ಲ ಬಡಿಸಿಬಿಟ್ಟೆ. ಈಗ ಮೀನು ಬಂದ್. ಹುಂಜ ನನ್ನ ಕೈಯಿಂದ ಇಡ್ಲಿ ತಿನ್ನುತ್ತದೆ, ಚಟ್ನಿ ಸೋಕಿದರೆ ಬೇಡ. ಹಗಲೆಲ್ಲ ಗೂಡಿನ ಪಕ್ಕ ಕುರ್ಚಿ ಹಾಕಿ ಪೇಪರ್ ಓದುತ್ತೇನೆ, ಅದು ನನ್ನ ಚಪ್ಪಲಿಯ ಮೇಲೆ ಕೂರುತ್ತದೆ. ಮೊನ್ನೆ ಮುಂಗುಸಿ ಎದುರಿಗೇ ಬಂದಾಗ ನಾನು ಕುರ್ಚಿ ಹತ್ತಿ ನಿಂತೆ. ಅದನ್ನು ಕಾಂಪೌಂಡ್ ದಾಟಿಸಿದ್ದು ಹುಂಜವೇ. “ಹರಕೆಯ ಕೋಳಿಗೆ ಹೆಸರಿಡಬೇಡಿ, ಮತ್ತೆ ನಿಮಗೇ ಕಷ್ಟ” ಎಂದು ನೀನು ಹೇಳಿದ್ದೆ. ರಾಜೀವ ಎಂದು ಇಟ್ಟಿದ್ದೇನೆ. ಎದೆ ಮುಂದೆ ಮಾಡಿ ನಡೆಯುವುದು ಥೇಟ್ ನಿನ್ನ ತಮ್ಮನ ಹಾಗೆ.

ಮಗುವಿಗೆ ಈ ಅಜ್ಜನ ಮುತ್ತು, ದೀಕ್ಷಿತಾಳಿಗೆ ಆಶೀರ್ವಾದ, ನಿನ್ನ ಅಮ್ಮನಿಗೆ ನಮಸ್ಕಾರ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.

ನಿನ್ನ
ಮೋಹನದಾಸ

ವಿ.ಸೂ.: ಮುಂಗುಸಿಯ ಬಾಯಿಂದ ಉಳಿಸಿದ್ದನ್ನು ನಾನೇ ಹೇಗೆ ಕತ್ತಿಗೆ ಕೊಡಲಿ ಮಾರಾಯ್ತಿ? ನನ್ನಿಂದ ಆಗುವುದಿಲ್ಲ. ಒಂದು ಗೊನೆ ಸೀಯಾಳ ಸಾಕಾ ಎಂದು ದೈವದ ಮುಂದೆ ನೀನೇ ಕೈಮುಗಿದು ಕೇಳು. ಸಿಟ್ಟು ಬಂದರೆ ಮಗುವಿನ ಮೇಲೆ ಬೇಡ, ನನ್ನ ಮೇಲಿರಲಿ ಎನ್ನು. ಇಪ್ಪತ್ತೊಂದಕ್ಕೆ ನಾನೊಬ್ಬನೇ ಹೊರಟು ಬರುತ್ತೇನೆ. ಕುರ್ಚಿಯಲ್ಲಿ ದತ್ತು ಕೂರುತ್ತಾನೆ. ರಾಜೀವ ಇಲ್ಲೇ ಇರುತ್ತಾನೆ.